ಗ್ಯಾರೇಜಿನ ಹುಡುಗ, ಕೊಂಕಣದ ಸುರಂಗ

ಭಟ್ಕಳದಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದವರು ಮುಕ್ಕಾಲು ಗಂಟೆಯೊಳಗೆ ಶರಾವತಿಯ ಮೇಲಿರುತ್ತಾರೆ. ಸೇತುವೆಯ ಉದ್ದ ಎರಡು ಕಿಲೋಮೀಟರಿಗೂ ತುಸು ಹೆಚ್ಚು. ಕೊಂಕಣ ರೈಲ್ವೆಯ ಸೇತುವೆಗಳಲ್ಲೆಲ್ಲ ಉದ್ದವಾದದ್ದು ಇದೇ. ದಸರೆಯ ಹೊತ್ತಿಗೆ ಮಳೆ ಹಿಂದೆ ಸರಿದು ಹೊಳೆ ತುಂಬಿಕೊಂಡಿರುತ್ತದೆ. ಚುರುಮುರಿ ತಿನ್ನುತ್ತಿದ್ದವರು ಕೈ ನಿಲ್ಲಿಸಿ ಕಿಟಕಿಗೆ ಬರುತ್ತಾರೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರಿನ ಈ ಹಾದಿಯಲ್ಲಿ ದೊಡ್ಡವು ಚಿಕ್ಕವು ಸೇರಿ ಸುಮಾರು 2,000 ಸೇತುವೆಗಳು, 90ಕ್ಕೂ ಹೆಚ್ಚು ಸುರಂಗಗಳು. 1990ರಲ್ಲಿ ನಿಗಮ ಹುಟ್ಟಿತು. 1993ರ ಮಾರ್ಚ್‌ನಲ್ಲಿ ಮಂಗಳೂರು-ಉಡುಪಿ ನಡುವೆ ಮೊದಲ ಗಾಡಿ ಓಡಿತು. 1998ರ ಜನವರಿ 26ರಂದು ಇಡೀ ಹಾದಿಯಲ್ಲಿ ರೈಲು ಸಂಚಾರ ಶುರುವಾಯಿತು.

ಇದನ್ನು ಕಟ್ಟಿದವರು ಯಾರು ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಇ. ಶ್ರೀಧರನ್ ಎನ್ನುತ್ತಾರೆ. ಸರಿಯಾದ ಉತ್ತರವೇ. ಅವರು ಸಿವಿಲ್ ಎಂಜಿನಿಯರು. ಹಾಗಾದರೆ ಇಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಏನು ಕೆಲಸ? ಕಳೆದ ದಸರಾ ರಜೆಯಲ್ಲಿ ನಾನು ಈ ರೈಲು ಹತ್ತಿದ್ದು ಈ ಪ್ರಶ್ನೆಯನ್ನು ಎದುರು ಸೀಟಿನಲ್ಲಿ ಕೂರಿಸಿಕೊಂಡೇ.

ಎದುರು ಸೀಟಿನಲ್ಲಿದ್ದವರು ತಂದೆ ಮತ್ತು ಮಗ. ತಂದೆಗೆ ಹೆದ್ದಾರಿ ಪಕ್ಕದಲ್ಲಿ ಲಾರಿ ರಿಪೇರಿಯ ಗ್ಯಾರೇಜು. ಈಚೆಗೆ ಜೆಸಿಬಿಗಳೂ ಬರುತ್ತವೆ. ಮಗ ನನ್ನ ಹಳೆಯ ವಿದ್ಯಾರ್ಥಿ, ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದಾನೆ. ಕಾರು ಕಾರ್ಖಾನೆಯ ಕನಸು ಕಂಡಿದ್ದವನಿಗೆ ಕೆಲಸದ ಪತ್ರ ಬಂದದ್ದು ಒಂದು ಕಟ್ಟಡ-ರಸ್ತೆ ಕಂಪನಿಯಿಂದ. ಹತ್ತು ದಿನದೊಳಗೆ ಒಪ್ಪಿಗೆ ತಿಳಿಸಬೇಕು. ತಂದೆ ಪತ್ರ ಹಿಡಿದು ನಮ್ಮ ಮನೆ ಜಗಲಿಗೆ ಬಂದವರು ಕುಳಿತುಕೊಳ್ಳುವ ಮೊದಲೇ ಕೇಳಿದರು: "ಮಾಸ್ತರೇ, ಸಾಲ ಮಾಡಿ ನಾಲ್ಕು ವರ್ಷ ಮೆಕ್ಯಾನಿಕಲ್ ಓದ್ಸಿದ್ದು ಸಿಮೆಂಟ್ ಚೀಲ ಎಣ್ಸುಕಾ?"

ನಮ್ಮಲ್ಲಿ ಎಂಜಿನಿಯರಿಂಗ್ ಬ್ರಾಂಚ್ ಎಂದರೆ ಗೋತ್ರ ಇದ್ದಂತೆ. ಒಮ್ಮೆ ಅಂಟಿತೆಂದರೆ ಆಯಿತು, ಆಚೆಯವರ ಮನೆಯ ಊಟಕ್ಕೂ ಅನುಮಾನ. ಬಾಯಿಮಾತಿನಲ್ಲಿ ಇದನ್ನು ಬಿಡಿಸುವುದು ಕಷ್ಟ ಎನ್ನಿಸಿ, "ಮಾರಾಯ್ರೇ, ಎರಡು ದಿನ ಗ್ಯಾರೇಜಿಗೆ ಬೀಗ ಹಾಕಿ, ರತ್ನಾಗಿರಿಗೆ ಹೋಗಿ ಬರೋಣ" ಎಂದೆ. ಅಲ್ಲಿ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿಯಿದ್ದಾನೆ. ಅವನೂ ಮೆಕ್ಯಾನಿಕಲ್ ಓದಿದವನೇ. ಹದಿನೈದು ವರ್ಷದಿಂದ ಸುರಂಗ, ಸೇತುವೆ, ರಸ್ತೆ ಎಂದು ತಿರುಗಿ ಈಗ ಒಂದು ರಸ್ತೆ ಕಾಮಗಾರಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾನೆ.

ರಾತ್ರಿ ಮಡಗಾಂವಿನಲ್ಲಿ ತಂಗಿದೆವು. ಬೆಳಿಗ್ಗೆ ಮಾಂಡವಿ ಎಕ್ಸ್‌ಪ್ರೆಸ್. ಈ ಹಾದಿಯನ್ನು ಹಗಲಲ್ಲೇ ನೋಡಬೇಕು. ರಾತ್ರಿ ಹೋದರೆ ಟಿಕೆಟಿನ ಅರ್ಧ ದುಡ್ಡು ದಂಡ. ಗೋವೆಯ ಉತ್ತರದ ತುದಿಯಲ್ಲಿ ಪೆರ್ನೆಮ್ ನಿಲ್ದಾಣ ದಾಟಿದ ಮೇಲೆ ಒಂದು ಸುರಂಗ ಬರುತ್ತದೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್ ಅಷ್ಟೇ. ಕಣ್ಣು ಮುಚ್ಚಿ ಬಿಡುವುದರೊಳಗೆ ಎಂಬಂತೆ ಮುಗಿಯಿತು. ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನೂ ಏನೂ ಹೇಳಲಿಲ್ಲ. ಆ ಸುರಂಗದ ಕಥೆ ಮುಂದೆ ಬರಲಿದೆ.

ರತ್ನಾಗಿರಿ ನಿಲ್ದಾಣದಲ್ಲಿ ಶಿಷ್ಯ ಕಾದಿದ್ದ. ಬಿಸಿಲಿಗೆ ಕಪ್ಪಾಗಿದ್ದಾನೆ, ಬೂಟಿನ ತುಂಬ ಕೆಂಪು ಮಣ್ಣು. ತಂದೆ ಮೊದಲು ನೋಡಿದ್ದು ಆ ಬೂಟನ್ನು. ಜೀಪು ಹತ್ತಿಸಿಕೊಂಡವನು ಮನೆಗೆ ಕರೆದೊಯ್ಯಲಿಲ್ಲ. "ಬೆಳಕಿರುವಾಗಲೇ ಪಾನ್ವಲ್ ನೋಡಿಬಿಡೋಣ ಸರ್" ಎಂದ.

ಇದು ಮುಂಬಯಿ ಹತ್ತಿರದ ಪನ್ವೆಲ್ ಅಲ್ಲ. ರತ್ನಾಗಿರಿಗೆ ದಕ್ಷಿಣದ ಪಾನ್ವಲ್ ಹೊಳೆಯ ಕಣಿವೆ. ಸ್ವಲ್ಪ ಹೊತ್ತಿನ ಹಿಂದೆ ರೈಲಿನಲ್ಲಿ ನಾವು ಅದನ್ನು ದಾಟಿ ಬಂದಿದ್ದೆವು. ಮೇಲಿನಿಂದ ನೋಡುವಾಗ ಕೆಳಗೆ ಮರಗಳ ತಲೆಗಳು, ಅಷ್ಟೇ. ಕೆಳಗಿನಿಂದ ನೋಡಿದರೆ ಕುತ್ತಿಗೆ ನೋಯುತ್ತದೆ. ಸೇತುವೆಯ ಉದ್ದ 424 ಮೀಟರ್, ಎತ್ತರದ ಕಂಬ 64 ಮೀಟರ್. ಶ್ರವಣಬೆಳಗೊಳದ ಗೊಮ್ಮಟನನ್ನು ಒಬ್ಬರ ಮೇಲೊಬ್ಬರಂತೆ ಮೂರು ಜನ ನಿಲ್ಲಿಸಿ, ನಾಲ್ಕನೆಯವನನ್ನು ಸೊಂಟದವರೆಗೆ ಕೂರಿಸಿದರೆ ಅಷ್ಟೆತ್ತರ. 1994ರಲ್ಲಿ ಮುಗಿದ ಈ ಸೇತುವೆಗೆ ಮರುವರ್ಷ ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಪ್ರಶಸ್ತಿ ಬಂತು.

ಎತ್ತರಕ್ಕಿಂತ ಹೆಚ್ಚಿನ ಸೋಜಿಗ ಕಟ್ಟಿದ ರೀತಿಯಲ್ಲಿದೆ. ಅಷ್ಟು ಆಳದ ಕಣಿವೆಯಲ್ಲಿ ಕೆಳಗಿನಿಂದ ಊರೆ ಕೊಟ್ಟು ಕಾಂಕ್ರೀಟ್ ಸುರಿಯುವುದು ಆಗದ ಮಾತು. ಆದ್ದರಿಂದ ಸೇತುವೆಯ ಮೇಲ್ಭಾಗವನ್ನು ದಡದ ಮೇಲೇ ತುಂಡು ತುಂಡಾಗಿ ಎರಕ ಹೊಯ್ದರು. ಒಂದು ತುಂಡು ಗಟ್ಟಿಯಾದೊಡನೆ ಹೈಡ್ರಾಲಿಕ್ ಜ್ಯಾಕುಗಳಿಂದ ಅದನ್ನು ಕಣಿವೆಯ ಕಡೆಗೆ ತಳ್ಳುವುದು, ಹಿಂದೆ ಖಾಲಿಯಾದ ಜಾಗದಲ್ಲಿ ಮುಂದಿನ ತುಂಡನ್ನು ಎರಕ ಹೊಯ್ದು ಬೆಸೆಯುವುದು, ಮತ್ತೆ ತಳ್ಳುವುದು. ಹೀಗೆ ಸೇತುವೆ ಶಾವಿಗೆ ಒರಳಿನಿಂದ ಶಾವಿಗೆ ಬಂದಂತೆ ಒಂದು ದಡದಿಂದ ಹೊರಟು ಕಂಬದಿಂದ ಕಂಬಕ್ಕೆ ಜಾರಿಕೊಂಡು ಇನ್ನೊಂದು ದಡ ಮುಟ್ಟಿತು. ಭಾರತದಲ್ಲಿ ಈ ವಿಧಾನವನ್ನು ಮೊದಲು ಬಳಸಿದ್ದು ಇಲ್ಲಿಯೇ.

ಮುಂದಿನ ಕಂಬ ಸಿಗುವವರೆಗೆ ಸೇತುವೆಯ ಮುಂತುದಿ ಗಾಳಿಯಲ್ಲಿ ಚಾಚಿಕೊಂಡಿರುತ್ತದಲ್ಲ, ಮುರಿಯುವುದಿಲ್ಲವೇ? ಮೇಜಿನ ಅಂಚಿನಿಂದ ಸ್ಕೇಲನ್ನು ಮುಂದೆ ತಳ್ಳಿ ನೋಡಿದ ಮಕ್ಕಳಿಗೆ ಈ ಭಯ ಗೊತ್ತು. ಅದಕ್ಕಾಗಿ ಈ ವಿಧಾನದಲ್ಲಿ ಮುಂತುದಿಗೆ ಉಕ್ಕಿನ ಹಗುರವಾದ ಒಂದು ಮೂಗನ್ನು ಜೋಡಿಸುತ್ತಾರೆ. ಭಾರದ ಕಾಂಕ್ರೀಟಿಗಿಂತ ಮುಂಚೆ ಆ ಮೂಗು ಹೋಗಿ ಮುಂದಿನ ಕಂಬದ ಮೇಲೆ ಆತುಕೊಳ್ಳುತ್ತದೆ.

ಇನ್ನು ತಳ್ಳುವ ಲೆಕ್ಕ. ಹುಡುಗನಿಗೆ ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತು ಪ್ರಶ್ನೆ ಹಾಕಿದೆ. ಮೇಷ್ಟರ ಚಟ ಬಿಡದು. ಮೇಲಿನ ಭಾರ 4,000 ಟನ್ ಎಂದು ಇಟ್ಟುಕೋ. ಕಾಂಕ್ರೀಟಿನ ಮೇಲೆ ಕಾಂಕ್ರೀಟು ಜಾರಬೇಕಾದರೆ ಘರ್ಷಣಾಂಕ ಸುಮಾರು 0.6. ತಳ್ಳಲು 2,400 ಟನ್ ಬಲ ಬೇಕು. ಅಷ್ಟರಲ್ಲಿ ಕಂಬಗಳೇ ಉರುಳುತ್ತವೆ. ನಡುವೆ ನುಣುಪಾದ ತುಕ್ಕುರಹಿತ ಉಕ್ಕು ಮತ್ತು ಟೆಫ್ಲಾನ್ ಇಟ್ಟು ಘರ್ಷಣಾಂಕವನ್ನು 0.05ಕ್ಕೆ ಇಳಿಸಿದರೆ? "200 ಟನ್ ಸಾಕು" ಎಂದ ಹುಡುಗ. ನೂರು ಟನ್ನಿನ ಎರಡು ಜ್ಯಾಕು! ಮನೆಯ ನಾನ್‌ಸ್ಟಿಕ್ ಕಾವಲಿಯಲ್ಲಿ ದೋಸೆ ಜಾರಿಸುವ ಅದೇ ಟೆಫ್ಲಾನ್. ತಂದೆ ಈವರೆಗೆ ಮಾತಾಡಿರಲಿಲ್ಲ. "ಜ್ಯಾಕ್ ಎರಡೂ ಒಂದೇ ಹದದಲ್ಲಿ ತಳ್ಳದಿದ್ರೆ ಓರೆ ಹೋಗ್ತದಲ್ಲ ತಮ್ಮಾ?" ಎಂದರು. ಶಿಷ್ಯ ನಕ್ಕ. "ಅದನ್ನೇ ಅಣ್ಣಾ ಇಡೀ ದಿನ ಅಳೆಯೋದು. ಈ ಪ್ರಶ್ನೆ ಎಲ್ಲರಿಗೂ ಹೊಳೆಯೋದಿಲ್ಲ."

ಗೆರೆಗಳನ್ನು ಬರೆದವರು ಸಿವಿಲ್‌ನವರು. ಆ ಗೆರೆ ಕಣಿವೆ ದಾಟುವಂತೆ ಮಾಡಿದ್ದು ಜ್ಯಾಕು, ಪಂಪು, ಎಣ್ಣೆಯ ಒತ್ತಡ. ಹಾಗೆ ನೋಡಿದರೆ ಗೋಡೆ ಎಲ್ಲಿದೆ? ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು ಸಿವಿಲ್. ಆದರೆ 1903ರಲ್ಲಿ ಪುಣೆಯ ಬಳಿಯ ಖಡಕ್ವಾಸ್ಲಾ ಅಣೆಕಟ್ಟಿನಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಬಾಗಿಲುಗಳು ಅಚ್ಚ ಯಂತ್ರವಿದ್ಯೆ.

ಸಂಜೆ ಶಿಷ್ಯನ ಸೈಟ್ ಆಫೀಸಿಗೆ ಹೋದೆವು. ತಗಡಿನ ಡಬ್ಬಿಯಂಥ ಕೋಣೆ, ಗೋಡೆ ತುಂಬ ಅಡ್ಡ ಪಟ್ಟಿಗಳ ಒಂದು ನಕ್ಷೆ: ಯಾವ ಕೆಲಸ ಯಾವ ವಾರ ಶುರು, ಯಾವ ವಾರ ಮುಗಿಯಬೇಕು, ಎಲ್ಲಿಗೆ ಬಂದಿದೆ. ಇದಕ್ಕೆ ಗ್ಯಾಂಟ್ ಚಾರ್ಟ್ ಎಂದು ಹೆಸರು. ಜಗತ್ತಿನ ಯಾವ ಕಾಮಗಾರಿಗೆ ಹೋದರೂ ಗೋಡೆಯ ಮೇಲೋ ಕಂಪ್ಯೂಟರಿನಲ್ಲೋ ಇದು ಕಾಣುತ್ತದೆ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕನ್ನನ ಹೆಸರು ಅದಕ್ಕೆ ಅಂಟಿದೆ. ಆತ ಮೆಕ್ಯಾನಿಕಲ್ ಎಂಜಿನಿಯರು. ಕಾರ್ಖಾನೆಯಲ್ಲಿ ಯಂತ್ರಗಳೂ ಆಳುಗಳೂ ಸುಮ್ಮನೆ ನಿಲ್ಲದಂತೆ ನೋಡಿಕೊಳ್ಳಲು ಇಂಥ ಪಟ್ಟಿಗಳನ್ನು ಬಳಕೆಗೆ ತಂದವನು. ಎಂಜಿನಿಯರಿಂಗ್ ಓದುವ ಮೊದಲು ಆತ ಮೂರು ವರ್ಷ ಶಾಲಾ ಮೇಷ್ಟರಾಗಿದ್ದ ಎಂಬುದನ್ನು ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ.

ಶಿಷ್ಯ ತನ್ನ ಮೊದಲ ಎರಡು ವರ್ಷದ ಕಥೆ ಹೇಳಿದ. ಸೇರಿಸಿಕೊಂಡದ್ದು ಯಂತ್ರಗಳ ವಿಭಾಗಕ್ಕೆ. ಡೀಸೆಲ್ ಲೆಕ್ಕ, ಬಿಡಿಭಾಗಗಳ ಪಟ್ಟಿ, ಕೆಟ್ಟು ನಿಂತ ಡಂಪರು. ಬೇಸರ ಬಂದು ಬಿಡುವ ಯೋಚನೆಯೂ ಇತ್ತಂತೆ. ಆಮೇಲೆ ಒಂದು ಲೆಕ್ಕ ಹೊಳೆಯಿತು. ಮಣ್ಣು ತೋಡುವ ಯಂತ್ರ ಒಂದು ಟಿಪ್ಪರ್ ತುಂಬಿಸಲು 4 ನಿಮಿಷ ತೆಗೆದುಕೊಳ್ಳುತ್ತದೆ. ತುಂಬಿದ ಟಿಪ್ಪರ್ ಹೋಗಿ, ಸುರಿದು, ಮರಳಿ ಬರಲು 28 ನಿಮಿಷ. ಒಂದು ಸುತ್ತು 32 ನಿಮಿಷವಾಯಿತು. ಅಲ್ಲಿಗೆ 8 ಟಿಪ್ಪರ್ ಇದ್ದರೆ ತೋಡುವ ಯಂತ್ರ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಏಳೇ ಇದ್ದರೆ ಪ್ರತಿ ಸುತ್ತಿನಲ್ಲಿ 4 ನಿಮಿಷ ನಿಲ್ಲುತ್ತದೆ. ದಿನದ ಕೆಲಸದಲ್ಲಿ ಎಂಟನೆಯ ಒಂದು ಪಾಲು ಖೋತಾ. ಒಂಬತ್ತಿದ್ದರೆ ಒಂದು ಟಿಪ್ಪರ್ ಯಾವಾಗಲೂ ಸಾಲಿನಲ್ಲಿ ನಿಂತು ಡೀಸೆಲ್ ಕುಡಿಯುತ್ತದೆ. "ಉಳಿದವರು ಮಣ್ಣು ಎಷ್ಟು ಘನ ಮೀಟರ್ ಅಂತ ನೋಡ್ತಿದ್ರು ಸರ್. ನಾನು ನಿಮಿಷ ನೋಡಿದೆ. ಕಾರ್ಖಾನೆಯಲ್ಲಿ ನಮಗೆ ಕಲಿಸಿದ್ದು ಅದನ್ನೇ ತಾನೇ?" ಆ ಒಂದು ಪುಟದ ಲೆಕ್ಕದಿಂದ ಅವನನ್ನು ಯೋಜನಾ ವಿಭಾಗಕ್ಕೆ ಕರೆದರು. ಏಳನೇ ಟಿಪ್ಪರ್ ಏಕೆ ಪದೇ ಪದೇ ಕೆಡುತ್ತದೆ ಎಂಬ ಬಗ್ಗೆ ತಂದೆಗೂ ಶಿಷ್ಯನಿಗೂ ಅರ್ಧ ಗಂಟೆ ಮಾತು ನಡೆಯಿತು. ಏರ್ ಫಿಲ್ಟರು, ಓವರ್‌ಲೋಡು, ಡ್ರೈವರನ ಕ್ಲಚ್ಚು. ನಾವಿಬ್ಬರು ಚಹಾ ಕುಡಿದೆವು.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಪೋಷಕರಿಗೆ ಅರ್ಧ ಸತ್ಯ ಹೇಳಿದಂತೆ. ಯಂತ್ರ ಕಲಿತವನು ಸೈಟಿನಲ್ಲಿ ಹೊಸದಾಗಿ ಕಲಿಯಬೇಕಾದದ್ದೂ ಕಡಿಮೆಯಿಲ್ಲ. ಕಾರ್ಖಾನೆಗೆ ಬರುವ ಬೋಲ್ಟು ಪರೀಕ್ಷೆ ಪಾಸಾಗಿ ಬಂದಿರುತ್ತದೆ. ಕಾಂಕ್ರೀಟ್ ಹಾಗಲ್ಲ, ಅದು ಸೈಟಿನಲ್ಲೇ ಹುಟ್ಟುತ್ತದೆ. 15 ಸೆಂಟಿಮೀಟರಿನ ಘನಗಳನ್ನು ಎರಕ ಹೊಯ್ದಿಟ್ಟು 7ನೇ ದಿನ ಒಮ್ಮೆ, 28ನೇ ದಿನ ಒಮ್ಮೆ ಒಡೆದು ಬಲ ನೋಡುತ್ತಾರೆ. 28ನೇ ದಿನದ ಫಲಿತಾಂಶ ಬರುವಷ್ಟರಲ್ಲಿ ಅದರ ಮೇಲೆ ಇನ್ನೆರಡು ಹಂತ ಎದ್ದಿರುತ್ತದೆ. ಉತ್ತರ ಪತ್ರಿಕೆ ತಿದ್ದುವ ಮುಂಚೆಯೇ ಮಗುವನ್ನು ಮುಂದಿನ ತರಗತಿಗೆ ಕಳಿಸಿದ ಹಾಗೆ! ಆದ್ದರಿಂದ ಕಲಸುವಾಗಿನ ನೀರು, ಮರಳಿನ ತೇವ, ಆ ದಿನದ ಬಿಸಿಲು ಇವನ್ನೆಲ್ಲ ಹಿಡಿತದಲ್ಲಿಡಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಮಣ್ಣಿನದು. ಪೆರ್ನೆಮ್ ಸುರಂಗದ ಕಥೆ ಬರುವುದು ಇಲ್ಲಿ.

ಕೊಂಕಣ ರೈಲ್ವೆಯ ಹೆಚ್ಚಿನ ಸುರಂಗಗಳು ಸಹ್ಯಾದ್ರಿಯ ಗಟ್ಟಿ ಬಂಡೆಯಲ್ಲಿವೆ. ಅದಕ್ಕಾಗಿ ಸ್ವೀಡನ್ನಿನಿಂದ ಹೈಡ್ರಾಲಿಕ್ ಕೊರೆಯುವ ಯಂತ್ರಗಳನ್ನು ತರಿಸಿದರು, ಬಂಡೆ ಸೋತಿತು. ಸೋಲದೇ ಉಳಿದದ್ದು ಒಂಬತ್ತು ಸುರಂಗಗಳ ಮೆತ್ತನೆಯ ಮಣ್ಣು. ನೀರು ಕುಡಿದ ಜೇಡಿ. ಅಲ್ಲಿ ದೊಡ್ಡ ಯಂತ್ರ ಇಳಿಸುವಂತೆಯೇ ಇಲ್ಲ. ಕೈಯಲ್ಲಿ ಅಷ್ಟಷ್ಟೇ ತೋಡುವುದು, ತೋಡಿದ್ದು ಕುಸಿಯುವುದು, ಮತ್ತೆ ತೋಡುವುದು. ಪೆರ್ನೆಮ್ ಇವುಗಳಲ್ಲೆಲ್ಲ ಹಟಮಾರಿ. ಇಡೀ ಹಾದಿಯನ್ನು ಕೊನೆಯವರೆಗೂ ಕಾಯಿಸಿದ್ದು ಇದೇ. ಮುಗಿದ ಮೇಲೂ ಸುಮ್ಮನಿಲ್ಲ. 2020ರ ಆಗಸ್ಟ್‌ನಲ್ಲಿ ಒಳಗೋಡೆಯ ಒಂದು ಭಾಗ ಕುಸಿದು ರೈಲುಗಳನ್ನು ಬೇರೆ ಹಾದಿಯಲ್ಲಿ ಕಳಿಸಬೇಕಾಯಿತು. 2024ರ ಜುಲೈಯಲ್ಲಿ ನೀರು ನುಗ್ಗಿ ಸಂಚಾರ ಮತ್ತೆ ನಿಂತಿತು.

ಏಕೆ ಹೀಗೆ? ಒಣ ಮರಳನ್ನು ಸುರಿದರೆ ಅದು ಗುಡ್ಡೆಯಾಗಿ ನಿಲ್ಲುತ್ತದೆ. ಕಣಕ್ಕೆ ಕಣ ಉಜ್ಜಿ, ಒಂದನ್ನೊಂದು ಹಿಡಿದಿರುತ್ತದೆ. ಕಣಗಳ ನಡುವಿನ ಸಂದಿಯೆಲ್ಲ ನೀರು ತುಂಬಿ, ಆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದಾಗ ಮೇಲಿನ ಭಾರವನ್ನು ಕಣಗಳ ಬದಲು ನೀರೇ ಹೊರತೊಡಗುತ್ತದೆ. ಕಣಗಳ ನಡುವಿನ ಒತ್ತು ಕಳೆಯಿತು, ಒತ್ತು ಕಳೆದಲ್ಲಿ ಘರ್ಷಣೆಯೂ ಕಳೆಯಿತು. ಗುಡ್ಡ ಗಂಜಿಯಂತೆ ಹರಿಯುತ್ತದೆ.

ಮೆಕ್ಯಾನಿಕಲ್ ಕಲಿತವನಿಗೆ ಘರ್ಷಣೆ ಶತ್ರು. ಗ್ರೀಸು, ಎಣ್ಣೆ, ಬೇರಿಂಗು, ಟೆಫ್ಲಾನು, ಎಲ್ಲವೂ ಅದನ್ನು ಕೊಲ್ಲುವ ಉಪಾಯ. ಪಾನ್ವಲ್‌ನಲ್ಲಿ ಗೆದ್ದದ್ದೇ ಹಾಗೆ. ಪೆರ್ನೆಮ್‌ನಲ್ಲಿ ಅದೇ ಘರ್ಷಣೆ ಇದ್ದರೆ ಬದುಕು, ಇಲ್ಲದಿದ್ದರೆ ಸಾವು. ಎರಡೂ ಒಂದೇ ಹಾದಿಯ ಮೇಲಿವೆ, ಒಂದೇ ಹಗಲಿನ ಪ್ರಯಾಣದಲ್ಲಿ ಸಿಗುತ್ತವೆ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವಾಸ ನನಗೆ ತಿಳಿದಿಲ್ಲ.

ಶಿಷ್ಯ ತನಗಾದದ್ದನ್ನೇ ಹೇಳಿದ. ಒಂದು ರಸ್ತೆಯ ಕೆಲಸದಲ್ಲಿ ಗುಡ್ಡ ಕಡಿಯುತ್ತಿದ್ದರು. ಮೂರು ದಿನ ಮಳೆ ಹಿಡಿದು ನಾಲ್ಕನೆಯ ದಿನ ಬಿಸಿಲು ಬಂತು. ಪಟ್ಟಿಯ ಪ್ರಕಾರ ಕೆಲಸ ಹಿಂದೆ ಬಿದ್ದಿತ್ತು, ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದವು. ಶುರು ಮಾಡಿ ಎಂದ. ವಯಸ್ಸಾದ ಮೇಸ್ತ್ರಿಯೊಬ್ಬರು ಅವನನ್ನು ಗುಡ್ಡದ ನೆತ್ತಿಗೆ ಕರೆದುಕೊಂಡು ಹೋಗಿ ಹುಲ್ಲು ಸರಿಸಿ ತೋರಿಸಿದರು: ಬೆರಳು ತೂರುವಷ್ಟು ಅಗಲದ ಬಿರುಕು, ಅಂಚಿಗೆ ಸಮನಾಗಿ ಉದ್ದಕ್ಕೂ. ಯಂತ್ರಗಳನ್ನು ಹಿಂದಕ್ಕೆ ತೆಗೆಸಿದ. ಮಧ್ಯಾಹ್ನದೊಳಗೆ ಗುಡ್ಡದ ಆ ಮೈ ಕೆಳಗಿತ್ತು. "ಯಂತ್ರ ಕೆಡುವ ಮುಂಚೆ ಸದ್ದು ಮಾಡ್ತದೆ ಸರ್. ನನ್ನ ಕಿವಿ ಅದಕ್ಕೇ ತಯಾರಾಗಿತ್ತು. ಗುಡ್ಡ ಸದ್ದು ಮಾಡೋದು ಬಿದ್ದ ಮೇಲೆ." ಆಮೇಲೆ ಅವನು ಮಣ್ಣಿನ ಪುಸ್ತಕ ಹಿಡಿದು ಎರಡು ಮಳೆಗಾಲ ರಾತ್ರಿ ಓದಿದನಂತೆ, ಪರೀಕ್ಷೆಯಿಲ್ಲದ ಓದು.

ಕೊಂಕಣ ರೈಲ್ವೆ ಕಟ್ಟುವಾಗ 74 ಜನ ಪ್ರಾಣ ಕೊಟ್ಟರು. ಅವರಲ್ಲಿ 19 ಜನ ಆ ಮೆತ್ತನೆಯ ಮಣ್ಣಿನ ಸುರಂಗಗಳಲ್ಲೇ. ರತ್ನಾಗಿರಿ ನಿಲ್ದಾಣದಲ್ಲಿ ಅವರ ಸ್ಮಾರಕವಿದೆ. ಮರುದಿನ ನಸುಕಿನಲ್ಲಿ ಗಾಡಿ ಹಿಡಿಯುವ ಮೊದಲು ಹೋಗಿ ನಿಂತೆವು. ತಂದೆ ಚಪ್ಪಲಿ ಬಿಟ್ಟರು. ಕೆಲಸ ನಡೆಸು ಎನ್ನುವುದೂ ನಿಲ್ಲಿಸು ಎನ್ನುವುದೂ ಉಸ್ತುವಾರಿಯವನ ಬಾಯಲ್ಲಿರುತ್ತದೆ ಎಂಬುದು ಹುಡುಗನಿಗೆ ಅಲ್ಲಿ ತಿಳಿದಿರಬೇಕು. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಗಾಡಿ ಹಿಡಿದದ್ದು ಉಕ್ಷಿಯವರೆಗೆ, ಕರ್ಬುಡೆ ಸುರಂಗಕ್ಕಾಗಿ. ಉದ್ದ ಆರೂವರೆ ಕಿಲೋಮೀಟರ್. 2013ರಲ್ಲಿ ಕಾಶ್ಮೀರದ ಪೀರ್ ಪಂಜಾಲ್ ಸುರಂಗ ತೆರೆಯುವವರೆಗೆ ದೇಶದ ರೈಲು ಸುರಂಗಗಳಲ್ಲಿ ಇದೇ ಉದ್ದ. ಇಲ್ಲಿ ಬಂಡೆ. ಕೊರೆ, ಮದ್ದು ತುಂಬು, ಸಿಡಿಸು, ಹೊಗೆ ಹೋಗುವವರೆಗೆ ಫ್ಯಾನು ಹಾಕಿ ಕಾಯಿ, ಕಲ್ಲು ಹೊರಗೆ ಸಾಗಿಸು, ಮತ್ತೆ ಕೊರೆ. ಹಗಲು ರಾತ್ರಿ ಅದೇ ಸುತ್ತು. ಒಳಗೆ ಒಂದು ಯಂತ್ರ ಕೆಟ್ಟು ನಿಂತರೆ ಅದರ ಹಿಂದಿನದೂ ನಿಂತಿತು, ಪಕ್ಕದಲ್ಲಿ ದಾರಿಯಿಲ್ಲ. ಗ್ಯಾರೇಜಿನ ತಂದೆಗೆ ಇದನ್ನು ವಿವರಿಸಬೇಕಾಗಲಿಲ್ಲ. ಗಾಡಿ ಕತ್ತಲೆಯಲ್ಲಿ ಓಡುತ್ತಿರುವಾಗ ಹುಡುಗ ಗಡಿಯಾರ ಹಿಡಿದು ನಿಮಿಷ ಎಣಿಸಿದ. 2022ರಲ್ಲಿ ಇಡೀ ಹಾದಿ ವಿದ್ಯುದೀಕರಣವಾದ ಮೇಲೆ ಒಳಗೆ ಡೀಸೆಲ್ ಹೊಗೆಯ ಕಾಟವೂ ಇಳಿದಿದೆ.

ಪೋಷಕರಿಗೆ ಕೆಲವು ಮಾತು ನೇರವಾಗಿ ಹೇಳಬೇಕು. ಮೆಕ್ಯಾನಿಕಲ್ ಓದಿದವರು ಕಟ್ಟಡ ಕ್ಷೇತ್ರಕ್ಕೆ ಹೋಗಲು ಇರುವುದು ಸುರಂಗದ ಬಾಗಿಲೊಂದೇ ಅಲ್ಲ. ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣ, ಮೆಟ್ರೋದ ನೆಲದಡಿಯ ನಿಲ್ದಾಣಗಳಲ್ಲಿ ಗಾಳಿ, ತಂಪು, ನೀರು, ಬೆಂಕಿ ಆರಿಸುವ ಪಂಪು, ಲಿಫ್ಟು ಇವೆಲ್ಲ ಅವರದೇ ರಾಜ್ಯ. ಪುಣೆಯ ನಿಕ್ಮಾರ್‌ನಂಥ ಸಂಸ್ಥೆಗಳಲ್ಲಿ ನಿರ್ಮಾಣ ನಿರ್ವಹಣೆಯನ್ನೇ ಮುಂದೆ ಓದಬಹುದು. ಆದರೆ ಲೋಕೋಪಯೋಗಿ ಇಲಾಖೆಯ ಸಿವಿಲ್ ಹುದ್ದೆಗೆ ಸಿವಿಲ್ ಪದವಿಯೇ ಬೇಕು. ಅಲ್ಲಿ ವಾದ ನಡೆಯದು. ಊರು ಬಿಟ್ಟಿರಬೇಕು. ಹಬ್ಬಕ್ಕೆ ರಜೆ ಸಿಗುತ್ತದೆಂಬ ಭರವಸೆಯಿಲ್ಲ. ಶಿಷ್ಯನ ಹೆಂಡತಿ ಮಕ್ಕಳು ಕುಮಟೆಯಲ್ಲಿದ್ದಾರೆ. ಮಗಳ ಶಾಲಾ ವಾರ್ಷಿಕೋತ್ಸವವನ್ನು ಅವನು ಈವರೆಗೆ ನೋಡಿದ್ದು ಮೊಬೈಲಿನಲ್ಲಿ. ಇದನ್ನು ಅವನೇ ಹೇಳಿದ, ಕೇಳದೆಯೇ.

ಊರಿಗೆ ಬಂದ ಮೇಲೆ ಹುಡುಗ ಕಂಪನಿಗೆ ಒಪ್ಪಿಗೆ ಬರೆದ. ಜೊತೆಗೆ ಒಂದು ಪ್ರಶ್ನೆ ಸೇರಿಸಿದ: ಮೊದಲ ವರ್ಷ ಯಾವ ವಿಭಾಗ, ಮಣ್ಣು-ಕಾಂಕ್ರೀಟಿನ ತರಬೇತಿ ಕೊಡುತ್ತೀರಾ? ಯಂತ್ರ ವಿಭಾಗ, ತರಬೇತಿ ಉಂಟು ಎಂದು ಉತ್ತರ ಬಂದಿದೆ. ಜಾಗ ಮಾತ್ರ ಇನ್ನೂ ತಿಳಿಸಿಲ್ಲ. ಉತ್ತರ ಭಾರತದ ಯಾವುದೋ ಬೆಟ್ಟದ ಸುರಂಗವಂತೆ. ತಂದೆ ನಿನ್ನೆ ಮತ್ತೆ ಜಗಲಿಗೆ ಬಂದಿದ್ದರು. ಸಿಮೆಂಟ್ ಚೀಲದ ಮಾತು ಎತ್ತಲಿಲ್ಲ.

"ಮಾಸ್ತರೇ, ಆ ಬದಿಗೆ ಹಸಿ ಮೀನು ಸಿಗ್ತದ್ಯಾ?" ಎಂದರು.